ಟ್ರೆಪೊನೆಮಾ ಪ್ಯಾಲಿಡಮ್: ಸಂಶೋಧನೆಯ ಇತಿಹಾಸ

ಟ್ರೆಪೊನೆಮಾ ಪ್ಯಾಲಿಡಮ್: ಸಿಫಿಲಿಸ್ ಮತ್ತು ಅದರ ದಾಯಾದಿ ರೋಗಗಳಿಗೆ ಕಾರಣವಾದ ಬ್ಯಾಕ್ಟೀರಿಯಾ. ಸ್ಪೈರೊಕೀಟ್ ಗುಂಪಿಗೆ ಸೇರಿದ ಈ ಜೀವಾಣು ತಿರುಪಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಉದ್ದ 6ರಿಂದ 15 ಮೈಕ್ರೊಮೀಟರ್, ದಪ್ಪ ಸುಮಾರು 0.2 ಮೈಕ್ರೊಮೀಟರ್. ಇದರಲ್ಲಿ ಮೂರು ಉಪಪ್ರಭೇದಗಳಿವೆ: ಸಿಫಿಲಿಸ್ ತರುವ ಪ್ಯಾಲಿಡಮ್, ಯಾಸ್ ತರುವ ಪರ್ಟೆನ್ಯೂ, ಬೆಜೆಲ್ ತರುವ ಎಂಡೆಮಿಕಮ್. ಸಿಫಿಲಿಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ; ಗರ್ಭಿಣಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ. ಯಾಸ್ ಹೆಚ್ಚಾಗಿ ಮಕ್ಕಳ ರೋಗ. ಹುಣ್ಣಿಗೆ ಚರ್ಮ ತಗುಲಿದರೆ ಅಂಟುತ್ತದೆ.

ಹೆಸರು ಮತ್ತು ಕರಾವಳಿ

ಸಿಫಿಲಿಸ್‌ಗೆ ಕನ್ನಡದ ಹಳೆಯ ಹೆಸರು ಪರಂಗಿ ಹುಣ್ಣು. ಅರಬ್ಬಿ, ಪಾರಸಿ ಭಾಷೆಗಳಲ್ಲಿ ಯುರೋಪಿನವರನ್ನು ಸೂಚಿಸುತ್ತಿದ್ದ ‘ಫಿರಂಗ್’ ಎಂಬ ಮಾತೇ ಇಲ್ಲಿ ಪರಂಗಿಯಾಯಿತು. 1498ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಕಾರವಾರದ ಬಳಿಯ ಅಂಜುದೀವ್ ದ್ವೀಪದಲ್ಲಿ ತಂಗಿದವು. 1502ರಲ್ಲಿ ಅವನು ಭಟ್ಕಳವನ್ನು ಬೆದರಿಸಿ ಕಪ್ಪಕ್ಕೆ ಒಪ್ಪಿಸಿದ. 1542ರಲ್ಲಿ ಪೋರ್ಚುಗೀಸರು ಆ ಪಟ್ಟಣವನ್ನು ಸುಟ್ಟರು. 1569ರಲ್ಲಿ ಹೊನ್ನಾವರದ ಕೋಟೆ ಅವರ ಕೈಸೇರಿತು. ಅವರ ವ್ಯಾಪಾರದ ಜೊತೆ ಅಮೆರಿಕ ಖಂಡದಿಂದ ಬಂದ ಪಪ್ಪಾಯಿ ಪರಂಗಿ ಹಣ್ಣಾಯಿತು; ಅವರೇ ತಂದರೆಂದು ಜನ ನಂಬಿದ ರೋಗ ಪರಂಗಿ ಹುಣ್ಣಾಯಿತು.

16ನೇ ಶತಮಾನದ ವೈದ್ಯ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಈ ರೋಗವನ್ನು ‘ಫಿರಂಗ’ ಎಂದು ವರ್ಣಿಸಿದ್ದಾನೆ. ಪಾದರಸದ ಲವಣವಾದ ರಸಕರ್ಪೂರ, ಚೋಪಚೀನಿಯ ಗಡ್ಡೆ ಅವನು ಹೇಳಿದ ಮದ್ದುಗಳು. ಚೋಪಚೀನಿಗೆ ಕನ್ನಡದಲ್ಲಿ ಪರಂಗಿ ಚಕ್ಕೆ ಎಂಬ ಹೆಸರಿದೆ. ಹೀಗೆ ರೋಗದ ಜೊತೆಗೆ ಅದರ ಮದ್ದಿಗೂ ಪರಂಗಿಯ ಮುದ್ರೆ ಬಿತ್ತು. ದೂರುವ ಈ ಬುದ್ಧಿ ನಮ್ಮಲ್ಲಷ್ಟೇ ಇರಲಿಲ್ಲ: ಇಟಲಿಯವರು ಇದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನ ರೋಗವೆಂದರು.

ಜೀವಾಣುವಿನ ಪತ್ತೆ

1905ರ ಮಾರ್ಚ್ 3ರಂದು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಪ್ರಾಣಿವಿಜ್ಞಾನಿ ಫ್ರಿಟ್ಜ್ ಶಾಡಿನ್, ಚರ್ಮವೈದ್ಯ ಎರಿಕ್ ಹಾಫ್‌ಮನ್ ಇಬ್ಬರೂ ರೋಗಿಯ ಹುಣ್ಣಿನ ರಸದಲ್ಲಿ ಮಸುಕಾದ ಸುರುಳಿಯೊಂದನ್ನು ಕಂಡರು. ಬಣ್ಣ ಹಿಡಿಯದ ಅದರ ಗುಣವೇ ‘ಪ್ಯಾಲಿಡಾ’ (ಬಿಳಿಚಿದ) ಎಂಬ ಹೆಸರು ತಂದಿತು. ಅದೇ ವರ್ಷ ಕೊಲಂಬೊದಲ್ಲಿ ಆಲ್ಡೊ ಕಾಸ್ಟೆಲಾನಿ ಯಾಸ್ ರೋಗಿಗಳ ಹುಣ್ಣಿನಲ್ಲಿ ಹೆಚ್ಚುಕಡಿಮೆ ಅದೇ ರೂಪದ ಜೀವಾಣುವನ್ನು ಗುರುತಿಸಿದ. ಸಿಂಹಳದಲ್ಲಿ ಯಾಸ್‌ಗಿದ್ದ ಹೆಸರೂ ‘ಪರಂಗಿ’ಯೇ. ಮೈಯ ಹುಣ್ಣು ನೋಡಿ ಎರಡು ನಾಡಿನ ಜನ ಬೇರೆ ಬೇರೆ ರೋಗಕ್ಕೆ ಇಟ್ಟಿದ್ದ ಒಂದೇ ಹೆಸರಿನ ಹಿಂದೆ, ಸೂಕ್ಷ್ಮದರ್ಶಕದಡಿ ಒಂದೇ ಕುಲ ಹೊರಬಿತ್ತು.

1906ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ವಿಕ್ಟರ್ ಮುಖಾ ಕತ್ತಲ ಹಿನ್ನೆಲೆಯ ಸೂಕ್ಷ್ಮದರ್ಶಕದಲ್ಲಿ ಜೀವಂತ ಜೀವಾಣು ಮಿಣುಕುತ್ತಾ ಚಲಿಸುವುದನ್ನು ತೋರಿಸಿದರು. 1913ರಲ್ಲಿ ಹಿಡೆಯೊ ನೊಗುಚಿ ಮತ್ತು ಜೆ. ಡಬ್ಲ್ಯೂ. ಮೂರ್ ಲಕ್ವಾ ಮತ್ತು ಬುದ್ಧಿಭ್ರಮಣೆಯಿಂದ ಸತ್ತವರ ಮಿದುಳಿನಲ್ಲಿ ಇದನ್ನು ಕಂಡರು. ವರ್ಷಗಟ್ಟಲೆ ಮೈಯಲ್ಲಿ ಅಡಗಿದ್ದು ಮಿದುಳನ್ನು ಕೆಡಿಸುವ ಸಾಮರ್ಥ್ಯ ಅದಕ್ಕಿದೆಯೆಂದು ಅಲ್ಲಿಗೆ ಖಚಿತವಾಯಿತು.

ಪರೀಕ್ಷೆ ಮತ್ತು ಮದ್ದು

1906ರಲ್ಲಿ ಆಗಸ್ಟ್ ಫಾನ್ ವಾಸರ್‌ಮನ್ ತಂಡ ರಕ್ತಪರೀಕ್ಷೆಯನ್ನು ರೂಪಿಸಿತು. ಅದಕ್ಕೆ ಬಳಸಿದ್ದು ಸಿಫಿಲಿಸ್‌ನಿಂದ ಸತ್ತ ಶಿಶುವಿನ ಯಕೃತ್ತಿನ ಸಾರ. ಆದರೆ ರೋಗವಿಲ್ಲದ ದನದ ಹೃದಯದ ಸಾರದಿಂದಲೂ ಪರೀಕ್ಷೆ ನಡೆಯುತ್ತದೆಂದು ಬೇಗನೆ ತಿಳಿಯಿತು. ಆ ಸಾರದಲ್ಲಿದ್ದ ಕಾರ್ಡಿಯೊಲಿಪಿನ್ ಎಂಬ ಕೊಬ್ಬಿನಂಶವನ್ನು 1940ರ ದಶಕದ ಆರಂಭದಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಬೇರ್ಪಡಿಸಿದರು. 1946ರ ವಿಡಿಆರ್‌ಎಲ್ ಪರೀಕ್ಷೆಗೆ ಅದೇ ಆಧಾರ. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಮಾಡುವ ಈ ಪರೀಕ್ಷೆ ನೇರವಾಗಿ ಜೀವಾಣುವನ್ನು ಹುಡುಕುವುದಿಲ್ಲ. ಅದರ ಹಾವಳಿಯಿಂದ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಮಲೇರಿಯಾ, ಕುಷ್ಠ, ಲೂಪಸ್ ಇರುವವರಲ್ಲಿ ಅದು ಕೆಲವೊಮ್ಮೆ ಸುಳ್ಳು ಹೇಳುವುದು ಇದರಿಂದಲೇ.

ಪಾಲ್ ಎರ್ಲಿಕ್ ಮತ್ತು ಸಹಾಚಿರೊ ಹಾಟಾ 1909ರಲ್ಲಿ ಕಂಡ ‘606’ ಎಂಬ ಆರ್ಸೆನಿಕ್ ಸಂಯುಕ್ತ ಮರುವರ್ಷ ಸಾಲ್ವರ್ಸಾನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1943ರಲ್ಲಿ ಜಾನ್ ಮಹೊನಿ ಪೆನಿಸಿಲಿನ್‌ನಿಂದ ನಾಲ್ವರನ್ನು ಗುಣಪಡಿಸಿದ. ಅಂದಿನಿಂದ ಇಂದಿನವರೆಗೆ ಈ ಜೀವಾಣು ಪೆನಿಸಿಲಿನ್‌ಗೆ ಸೊಪ್ಪು ಹಾಕದ ರೂಪ ತಳೆದಿಲ್ಲ. ಆರಂಭದ ಹಂತದ ರೋಗಕ್ಕೆ 24 ಲಕ್ಷ ಯೂನಿಟ್‌ಗಳ ಬೆಂಜಾಥಿನ್ ಪೆನಿಸಿಲಿನ್‌ನ ಒಂದೇ ಸೂಜಿ ಸಾಕು.

ಆ ಸೂಜಿ ಕೈಯಲ್ಲಿದ್ದೂ ಕೊಡದೆ ಹೋದ ಕಥೆ ಅಮೆರಿಕದ ಟಸ್ಕೀಗಿಯದು. 1932ರಿಂದ 1972ರವರೆಗೆ ಅಲ್ಲಿ ರೋಗಪೀಡಿತರಾದ 399 ಕಪ್ಪು ಜನಾಂಗದ ಪುರುಷರನ್ನು ರೋಗದ ಗತಿ ನೋಡಲೆಂದು, ಪೆನಿಸಿಲಿನ್ ಬಂದ ಮೇಲೂ, ಚಿಕಿತ್ಸೆಯಿಲ್ಲದೆ ಉಳಿಸಲಾಯಿತು.

ಬೆಳೆಸಲಾಗದ ಜೀವಾಣು

ಇ. ಕೋಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಇಮ್ಮಡಿಯಾದರೆ ಇದಕ್ಕೆ 30 ಗಂಟೆಗೂ ಹೆಚ್ಚು ಬೇಕು. 1911ರಲ್ಲಿ ಇದನ್ನು ಬೆಳೆಸಿದೆನೆಂದು ನೊಗುಚಿ ಹೇಳಿಕೊಂಡದ್ದು ಬೇರೆಯವರ ಕೈಯಲ್ಲಿ ಫಲಿಸಲಿಲ್ಲ. 1912ರಲ್ಲಿ ರೋಗಿಯೊಬ್ಬನ ಮಿದುಳುಬಳ್ಳಿಯ ದ್ರವದಿಂದ ತೆಗೆದ ‘ನಿಕೋಲ್ಸ್’ ತಳಿಯನ್ನು ಮೊಲದಿಂದ ಮೊಲಕ್ಕೆ ದಾಟಿಸುತ್ತಲೇ ಶತಮಾನ ಕಳೆಯಿತು. 1998ರಲ್ಲಿ ಓದಲಾದ ಅದರ ಜೀನೋಮ್ ಕಾರಣವನ್ನು ಬಿಡಿಸಿತು: ಅಲ್ಲಿದ್ದದ್ದು 11,38,006 ಅಕ್ಷರಗಳು ಮಾತ್ರ. ಅಮೈನೊ ಆಮ್ಲ, ಕೊಬ್ಬಿನಾಮ್ಲ ತಯಾರಿಸುವ ಸಾಧನಗಳನ್ನು ಬಹುಪಾಲು ಕಳೆದುಕೊಂಡ ಈ ಜೀವಾಣು ಉಂಡ ಮನೆಯನ್ನೇ ನಂಬಿ ಬದುಕುತ್ತದೆ. 2018ರಲ್ಲಿ ಡಯೇನ್ ಎಡ್ಮಂಡ್ಸನ್, ಸ್ಟೀವನ್ ನಾರಿಸ್ ಮತ್ತು ಸಂಗಡಿಗರು ಮೊಲದ ಜೀವಕೋಶಗಳ ಜೊತೆ, ಆಮ್ಲಜನಕ ತಗ್ಗಿಸಿ, ಪ್ರಯೋಗಶಾಲೆಯಲ್ಲಿ ಇದನ್ನು ದೀರ್ಘಕಾಲ ಬೆಳೆಸಿದರು. 2021ರಲ್ಲಿ ಇದರ ಜೀನ್‌ ತಿದ್ದುವುದೂ ಸಾಧ್ಯವಾಯಿತು.

ಭಾರತ ಮತ್ತು ಕರ್ನಾಟಕ

ಯಾಸ್ ನಿರ್ಮೂಲನೆ 1996ರಲ್ಲಿ ಒಡಿಶಾದ ಕೋರಾಪುಟ್‌ನಿಂದ ಆರಂಭವಾಯಿತು. ಮನೆಮನೆ ಹುಡುಕಾಟ, ಪೆನಿಸಿಲಿನ್ ಸೂಜಿಯ ಫಲವಾಗಿ 2003ರ ನಂತರ ಹೊಸ ರೋಗಿ ಸಿಗಲಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ಯಾಸ್‌ಮುಕ್ತವೆಂದಿತು.

ಬ್ರಿಟಿಷರ ಕಾಲದ ಬೆಂಗಳೂರು ದಂಡುಪ್ರದೇಶದಲ್ಲಿ ಸೈನಿಕರನ್ನು ಲೈಂಗಿಕ ರೋಗಗಳಿಂದ ಕಾಪಾಡಲೆಂದು ‘ಲಾಕ್’ ಆಸ್ಪತ್ರೆಯಿತ್ತು. ಅಲ್ಲಿ ತಪಾಸಣೆ ಮತ್ತು ಬಂಧನ ಹೆಂಗಸರ ಪಾಲಿಗೆ ಮಾತ್ರ. ಮೈಸೂರಿನಲ್ಲಿ ನಡೆದ ಅಧ್ಯಯನ ಇದಕ್ಕೆ ತೀರ ಬೇರೆ. ಲೈಂಗಿಕ ಕಾರ್ಯಕರ್ತೆಯರೇ ಮುಂದೆ ನಿಂತ ಆರೋಗ್ಯ ಕಾರ್ಯಕ್ರಮದ ಅವಧಿಯಲ್ಲಿ, 2004ರ ಸಮೀಕ್ಷೆಯಲ್ಲಿ ಅವರಲ್ಲಿ ಶೇ 25ರಷ್ಟಿದ್ದ ಸಿಫಿಲಿಸ್ 2006ಕ್ಕೆ ಶೇ 12ಕ್ಕೆ ಇಳಿಯಿತು. ಅವರ ಸಂಘಟನೆಯೇ ಆಶೋದಯ ಸಮಿತಿ.

ಮೂಲದ ಪ್ರಶ್ನೆ

ಸಿಫಿಲಿಸ್ ಮತ್ತು ಯಾಸ್ ಜೀವಾಣುಗಳ ಜೀನೋಮ್‌ಗಳ ನಡುವಿನ ವ್ಯತ್ಯಾಸ ಶೇ 0.2ಕ್ಕಿಂತ ಕಡಿಮೆ. 2024ರ ಕೊನೆಯಲ್ಲಿ ಪ್ರಕಟವಾದ, ಅಮೆರಿಕ ಖಂಡಗಳ ಹಳೆಯ ಎಲುಬುಗಳಿಂದ ಓದಿದ ಐದು ಜೀನೋಮ್‌ಗಳು ಈ ಕುಲದ ಬೇರು ಅಲ್ಲಿದೆ ಎಂಬ ವಾದಕ್ಕೆ ಬಲ ಕೊಟ್ಟಿವೆ. ಆ ವಾದ ನಿಂತರೆ, ಹೊನ್ನಾವರ–ಭಟ್ಕಳದ ಬಂದರುಗಳನ್ನು ಕಂಡ ಹಡಗುಗಳ ಕಾಲದಲ್ಲಿ ಹುಟ್ಟಿದ ಎರಡು ಕನ್ನಡ ಮಾತುಗಳು, ಪರಂಗಿ ಹಣ್ಣು ಮತ್ತು ಪರಂಗಿ ಹುಣ್ಣು, ಒಂದೇ ಖಂಡದಿಂದ ಹೊರಟವುಗಳ ಹೆಸರಾಗುತ್ತವೆ.