ಚಾಮರಾಜನಗರ ಜಿಲ್ಲೆ: ಆರೋಗ್ಯ ಸೇವೆ ರಾಜಕೀಯ ವಿಷಯವಾದ ಬಗೆ

ಚಾಮರಾಜನಗರದ ಆರೋಗ್ಯ ವ್ಯವಸ್ಥೆ ಕುರಿತ ಬರಹಗಳು ಹೆಚ್ಚಾಗಿ 2021ರ ಆಕ್ಸಿಜನ್ ದುರಂತದಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತವೆ. ಅದಕ್ಕೆ 20 ವರ್ಷ ಮೊದಲೇ ಇಲ್ಲಿನ ಅನುಭವ ರಾಜ್ಯದ ಆರೋಗ್ಯ ನೀತಿಯ ಚರ್ಚೆಯಲ್ಲಿ ಜಾಗ ಪಡೆದಿತ್ತು ಎಂಬುದು ಅವುಗಳಲ್ಲಿ ಕಾಣುವುದು ಅಪರೂಪ.

1997ರವರೆಗೆ ಈ ಪ್ರದೇಶ ಮೈಸೂರು ಜಿಲ್ಲೆಗೆ ಸೇರಿತ್ತು. ದೊಡ್ಡ ಕಾಯಿಲೆಯಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗುವುದು ಗುಂಡ್ಲುಪೇಟೆಯವರಿಗೂ ಕೊಳ್ಳೇಗಾಲದವರಿಗೂ ರೂಢಿ. ಜಿಲ್ಲೆ ಬೇರೆಯಾದ ಮೇಲೂ ಆ ರೂಢಿ ತಪ್ಪಲಿಲ್ಲ.

ಬದಲಾವಣೆಯ ಮೊದಲ ಎಳೆ ಬಿಳಿಗಿರಿರಂಗನ ಬೆಟ್ಟದ್ದು. ಅಲ್ಲಿನ ಸೋಲಿಗ ಆದಿವಾಸಿಗಳ ನಡುವೆ ಕೆಲಸಕ್ಕೆ ನಿಂತ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ವ್ಯಾಪಕವಾಗಿದ್ದುದರಿಂದ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರ್ಕಾರ ಈ ಟ್ರಸ್ಟಿಗೆ ಒಪ್ಪಿಸಿತು. ಜಿಲ್ಲೆಯ ಆರೋಗ್ಯ ಇತಿಹಾಸದ ಮೊದಲ ತಿರುವು ಇದೇ ಎನ್ನಬೇಕು. 1999ರ ಕೊನೆಯಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಾರ್ಯಪಡೆ ರಚಿಸಿ ಸುದರ್ಶನ್ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. 2001ರ ವರದಿ ಪ್ರಾಥಮಿಕ ಆರೋಗ್ಯದ ಕಡೆಗಣನೆ ಮತ್ತು ಪ್ರಾದೇಶಿಕ ಅಸಮಾನತೆಯ ಜೊತೆಗೆ ಇಲಾಖೆಯೊಳಗಿನ ಭ್ರಷ್ಟಾಚಾರವನ್ನೂ ನೇರವಾಗಿ ಹೆಸರಿಸಿತು. ಆಮೇಲೆ ಸುದರ್ಶನ್ ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾದರು. 2002ರಲ್ಲಿ ಟ್ರಸ್ಟ್ ನೆರೆಯ ತಿ. ನರಸೀಪುರದಲ್ಲಿ ನಡೆಸಿದ ವಿಮಾ ಪ್ರಯೋಗ, ಆಸ್ಪತ್ರೆಗೆ ಸೇರಿದ ಬಡವರಿಗೆ ತಪ್ಪಿದ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿತು.

ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಮೂಢನಂಬಿಕೆಯೇ ಜಿಲ್ಲೆ ಹಿಂದುಳಿಯಲು ಕಾರಣವೆಂದು ಹಲವರು ಬರೆದಿದ್ದಾರೆ. ಮುಖ್ಯಮಂತ್ರಿಗಳು ಊರಿಗೆ ಬರಲು ಹಿಂಜರಿದದ್ದು ನಿಜ. ಆದರೆ ಗುಂಬಳ್ಳಿಯ ಪ್ರಯೋಗ ಬೆಳೆದದ್ದು ಅದೇ ಕಾಲದಲ್ಲಿ. ಆ ನಂಬಿಕೆಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ನಂಬಿಕೆಗೆ ಸೊಪ್ಪು ಹಾಕದೆ ಪದೇ ಪದೇ ಬಂದ ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ, 2016ರಲ್ಲಿ, ವೈದ್ಯಕೀಯ ಕಾಲೇಜು ತೆರೆಯಿತು. ಆದರೂ 2018ರ ಡಿಸೆಂಬರ್ 14ರಂದು ಜಿಲ್ಲೆಯ ಸುಳ್ವಾಡಿ ಗ್ರಾಮದ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದವರನ್ನು ಮೈಸೂರಿಗೇ ಸಾಗಿಸಬೇಕಾಯಿತು. 17 ಮಂದಿ ಸತ್ತರು. ಅಂದಿನ ಚರ್ಚೆಯಲ್ಲಿ ಅಪರಾಧ ಮುಂದಿತ್ತು, ಚಿಕಿತ್ಸೆಯ ದೂರ ಹಿಂದೆ ಉಳಿಯಿತು.

ಕೋವಿಡ್ ಕಾಲದಲ್ಲಿ, 2021ರ ಮೇ 2ರ ರಾತ್ರಿ, ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಸಿಲಿಂಡರುಗಳು ಮೈಸೂರಿನಿಂದ ತುಂಬಿಬರಬೇಕಿತ್ತು. ಬರದದ್ದಕ್ಕೆ ಹೊಣೆ ಯಾರದೆಂದು ಎರಡು ಜಿಲ್ಲಾಡಳಿತಗಳು ಬಹಿರಂಗವಾಗಿಯೇ ವಾದಕ್ಕಿಳಿದವು. ಸತ್ತವರ ಸಂಖ್ಯೆ ಇಂದಿಗೂ ಒಂದೊಂದು ಕಡೆ ಒಂದೊಂದು. ಆಕ್ಸಿಜನ್ ಕೊರತೆಯಿಂದ ಸತ್ತವರು 3 ಎಂದು ಆಗಿನ ಆರೋಗ್ಯ ಸಚಿವರು ಹೇಳಿದರು. ಒಂದು ದಿನದೊಳಗಿನ ಒಟ್ಟು ಸಾವು 24 ಎಂಬುದು ಹೆಚ್ಚು ಬಳಕೆಯಲ್ಲಿರುವ ಲೆಕ್ಕ. ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ 36 ಎಂದಿತು. ಹೈಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ಸರ್ಕಾರದ ಲೆಕ್ಕವನ್ನು ಒಪ್ಪಲಿಲ್ಲ. ಚಾಮರಾಜನಗರ ಜಿಲ್ಲಾಡಳಿತದ ವೈಫಲ್ಯವನ್ನು ಎತ್ತಿ ತೋರಿತು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಬಿ.ಎ. ಪಾಟೀಲರ ಆಯೋಗವನ್ನೂ ನೇಮಿಸಿತ್ತು. ಆಕ್ಸಿಜನ್ ಕೊರತೆಯಿಂದ ಸತ್ತವರ ವರದಿ ಯಾವ ರಾಜ್ಯದಿಂದಲೂ ಬಂದಿಲ್ಲವೆಂದು ಕೇಂದ್ರ ಸರ್ಕಾರ ಅದೇ ಜುಲೈನಲ್ಲಿ ರಾಜ್ಯಸಭೆಗೆ ತಿಳಿಸಿತು. ಯಾವ ಸಾವನ್ನು ಕೊರತೆಯ ಸಾವೆಂದು ಬರೆಯಬೇಕೆಂಬ ಈ ತಕರಾರನ್ನು ಬರೀ ಅಂಕಿಗಳ ಜಗಳವೆಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ಪರಿಹಾರದ ಹಕ್ಕು ನಿಂತಿದ್ದು ಅದರ ಮೇಲೆಯೇ.

ಅದೇ ವರ್ಷ ಅಕ್ಟೋಬರ್ 7ರಂದು ಯಡಪುರದಲ್ಲಿ ವೈದ್ಯಕೀಯ ಕಾಲೇಜಿನ 450 ಹಾಸಿಗೆಯ ಬೋಧನಾ ಆಸ್ಪತ್ರೆಯನ್ನು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. 2022ರ ಸೆಪ್ಟೆಂಬರ್ 30ರಂದು ಭಾರತ್ ಜೋಡೊ ಯಾತ್ರೆ ಗುಂಡ್ಲುಪೇಟೆಯಲ್ಲಿ ಕರ್ನಾಟಕ ಪ್ರವೇಶಿಸಿದಾಗ ರಾಹುಲ್ ಗಾಂಧಿ ಆಕ್ಸಿಜನ್ ದುರಂತದ ಸಂತ್ರಸ್ತ ಕುಟುಂಬಗಳನ್ನು ಕಂಡರು. ದುರಂತ ಚುನಾವಣಾ ವಿಷಯವಾಯಿತು. 2023ರಲ್ಲಿ ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲ ಕಾಂಗ್ರೆಸ್ಸಿನ ಪಾಲಾದವು. ಅದಕ್ಕೆ ಈ ದುರಂತವೇ ಕಾರಣವೆನ್ನಲು ಆಧಾರ ಸಾಲದು. ಹೊಸ ಸರ್ಕಾರ ಮರುತನಿಖೆಯ ಮಾತಾಡಿತು. ಮನೆಯ ದುಡಿಯುವವರನ್ನು ಕಳೆದುಕೊಂಡ ಕುಟುಂಬಗಳು ಸರ್ಕಾರಿ ಕೆಲಸದ ಬೇಡಿಕೆಯನ್ನು ಬಿಡಲಿಲ್ಲ.