ತಾಡಿಯೂ ಟಾಡಿಯೂ

ಸ್ಕಾಟ್ಲೆಂಡ್ ದೇಶದ ರಾಜಧಾನಿಯಾದ ಎಡಿನ್‌ಬರೋ ನಗರದಲ್ಲಿ ಡಿಸೆಂಬರ್ ತಿಂಗಳ ಸೂರ್ಯನು ಮಧ್ಯಾಹ್ನ ನಾಲ್ಕು ಗಂಟೆ ಹೊಡೆಯುವುದಕ್ಕೆ ಮುಂಚೆಯೇ ಅಸ್ತಮಿಸುವನು. ಆ ಮೇಲಿನದು ದೀರ್ಘವಾದ ರಾತ್ರಿ, ತೇವದಿಂದ ಕೂಡಿದ ಗಾಳಿ, ಕಿಟಕಿಯ ಗಾಜಿನ ಮೇಲೆ ಕಟ್ಟುವ ಮಂಜು. ಇಂಥ ಶೀತದೇಶದ ಗೃಹಸ್ಥರು ಅಗ್ಗಿಷ್ಟಿಕೆಯ ಮುಂದೆ ಕುಳಿತು, ಜವೆಯಿಂದ ಭಟ್ಟಿ ಇಳಿಸಿದ ವಿಸ್ಕಿಗೆ ಬಿಸಿನೀರನ್ನೂ ಸಕ್ಕರೆಯನ್ನೂ ಬೆರೆಸಿ, ಅನುಕೂಲವಿದ್ದಲ್ಲಿ ನಿಂಬೆಯ ಹೋಳು, ಲವಂಗ, ದಾಲ್ಚಿನ್ನಿಗಳನ್ನು ಸೇರಿಸಿ ಕುಡಿಯುವ ಪಾನೀಯಕ್ಕೆ 'ಟಾಡಿ' ಎಂದು ಹೆಸರು. ನೆಗಡಿಗೆ ಅದು ಔಷಧ, ಅತಿಥಿಗೆ ಅದು ಉಪಚಾರ, ಕವಿಗಳಿಗೆ ಅದು ಸ್ವದೇಶಾಭಿಮಾನದ ಚಿಹ್ನೆ. ಆದರೆ ಅಷ್ಟು ಸ್ವದೇಶೀಯವೆಂದು ಎಣಿಸಲ್ಪಡುವ ಈ ಪಾನೀಯದ ಹೆಸರು ಮಾತ್ರ ಆ ದೇಶದ್ದಲ್ಲ. ಹಿಮವನ್ನೇ ಕಾಣದ, ಉಪ್ಪುಗಾಳಿ ಬೀಸುವ, ತಾಳೆಯ ಮರಗಳು ಸಾಲಾಗಿ ನಿಂತಿರುವ ಭಾರತದ ಕರಾವಳಿಯಲ್ಲಿ ಅದು ಹುಟ್ಟಿತು.

ಸಂಸ್ಕೃತದ 'ತಾಲ' ಶಬ್ದವು ವಾಚಕರಿಗೆ ಪರಿಚಿತವಾದದ್ದೇ. ಡಕಾರ ಲಕಾರಗಳಿಗೆ ಭೇದವಿಲ್ಲವೆಂಬುದು ಪಾಠಶಾಲೆಯ ಹುಡುಗರೂ ಬಲ್ಲ ಮಾತು. ಆದಕಾರಣ ತಾಲವು ಉತ್ತರದ ಭಾಷೆಗಳಲ್ಲಿ 'ತಾಡ'ವಾದುದರಲ್ಲಿ ಆಶ್ಚರ್ಯವಿಲ್ಲ. ಹಳಗನ್ನಡದಲ್ಲಿ ಇದೇ ಮರವು 'ತಾೞೆ', ತೆಲುಗಿನಲ್ಲಿ 'ತಾಡಿ'. ದ್ರಾವಿಡಭಾಷೆಗಳಿಂದಲೇ ಈ ಶಬ್ದವು ಸಂಸ್ಕೃತಕ್ಕೆ ಹೋಗಿರಬೇಕೆಂದು ಹೇಳುವ ಭಾಷಾಶಾಸ್ತ್ರಜ್ಞರೂ ಉಂಟು. ಮರವು ಹೆಚ್ಚಾಗಿ ಬೆಳೆಯುವ ನೆಲವನ್ನು ನೋಡಿದರೆ ಆ ಪಕ್ಷವೇ ಬಲವಾದದ್ದೆಂದು ತೋರುವುದು. ಹಿಂದೂಸ್ತಾನಿಯಲ್ಲಿ ಮರದ ಹೆಸರಿನಿಂದ ಅದರ ರಸಕ್ಕೆ 'ತಾಡಿ' ಎಂಬ ಹೆಸರು ಬಂದಿತು.

ಈ ರಸವನ್ನು ಇಳಿಸುವುದು ಸುಲಭದ ಕೆಲಸವಲ್ಲ. ಕಾಲಿಗೆ ಬಳ್ಳಿಯ ಬಳೆಯನ್ನು ತೊಟ್ಟು, ನುಣುಪಾದ ಕಾಂಡವನ್ನು ಅಪ್ಪಿಕೊಂಡು ಮೇಲೇರಿ, ಇನ್ನೂ ಬಿರಿಯದ ಹೂಗೊಂಚಲನ್ನು ಬಿಗಿದು ಕಟ್ಟಿ, ಮೆಲ್ಲಗೆ ತಟ್ಟಿ ಮೆದುಗೊಳಿಸಿ, ತುದಿಯನ್ನು ದಿನದಿನವೂ ತೆಳುವಾಗಿ ಕೊಯ್ದು, ಅದರ ಕೆಳಗೆ ಮಡಕೆಯನ್ನು ಕಟ್ಟಬೇಕು. ಇದನ್ನು ದಿನಕ್ಕೆರಡು ಬಾರಿ, ಹತ್ತಾರು ಮರಗಳಿಗೆ ಏರಿ ಮಾಡಬೇಕು. ರಾತ್ರಿ ತೊಟ್ಟಿಕ್ಕಿ ಬೆಳಗಿನ ಝಾವದಲ್ಲಿ ಇಳಿಸಿದ ರಸವು ಸಿಹಿಯಾಗಿರುವುದು. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಹುಳಿಯದೆ ನಿಲ್ಲುವುದು. ಸುಣ್ಣವಿಲ್ಲದಿದ್ದರೆ ಬಿಸಿಲೇರುವ ಹೊತ್ತಿಗೆ ನೊರೆಯೆದ್ದು ಕಳ್ಳಾಗುವುದು, ಇನ್ನೂ ಬಿಟ್ಟರೆ ಹುಳಿನೀರಾಗುವುದು.

ಆಂಗ್ಲ ವರ್ತಕರು ಹದಿನೇಳನೆಯ ಶತಮಾನದ ಮೊದಲಲ್ಲಿ ಈ ಕರಾವಳಿಗೆ ಬಂದಾಗ ಕಂಡದ್ದು ಇದನ್ನೇ. 'ತಾಡಿ'ಯ ನಡುವಿನ ಮೂರ್ಧನ್ಯಧ್ವನಿಯು ಅವರ ಕಿವಿಗೆ ಒಮ್ಮೆ ರೇಫವಾಗಿಯೂ ಒಮ್ಮೆ ದಕಾರವಾಗಿಯೂ ಕೇಳಿಸಿತು. ಹಾಗಾಗಿ ಆ ಕಾಲದ ಬರೆಹಗಳಲ್ಲಿ 'ಟ್ಯಾರಿ', 'ಟ್ಯಾಡಿ', 'ಟಾಡಿ' ಎಂದು ನಾನಾ ರೂಪಗಳು ಸಿಕ್ಕುವುವು. ಇವೆಲ್ಲಕ್ಕೂ ತಾಳೆಯ ರಸವೆಂದೇ ಅರ್ಥ. ೧೭೪೧ರ ವೇಳೆಗೆ ಅದೇ ಶಬ್ದವು ಬಿಸಿನೀರು ಸಕ್ಕರೆಗಳನ್ನು ಬೆರೆಸಿದ ಮದ್ಯವೆಂಬ ಅರ್ಥದಲ್ಲಿ ಕಾಣಿಸಿಕೊಳ್ಳುವುದು. ಹೆಸರು ರಸವನ್ನು ಬಿಟ್ಟು ಮಿಶ್ರಣವನ್ನು ಹಿಡಿದದ್ದು ಹೀಗೆ.

ಸ್ಕಾಟ್ ಜನರಲ್ಲಿ ಈ ವ್ಯುತ್ಪತ್ತಿಯನ್ನು ಒಪ್ಪದವರೂ ಉಂಟು. ಎಡಿನ್‌ಬರೋ ನಗರಕ್ಕೆ ನೀರನ್ನೊದಗಿಸುತ್ತಿದ್ದ 'ಟಾಡ್' ಎಂಬ ಬಾವಿಯ ಹೆಸರಿನಿಂದಲೇ ಪಾನೀಯಕ್ಕೆ ಹೆಸರು ಬಂದಿತೆಂದು ಅವರು ಹೇಳುವರು. ಆಲನ್ ರಾಮ್‌ಸೆ ಎಂಬ ಕವಿಯ ೧೭೨೧ರ ಸಂಗ್ರಹದಲ್ಲಿ ಆ ಬಾವಿಯ ನೀರಿನ ಪ್ರಸ್ತಾಪವಿರುವುದನ್ನು ಪ್ರಮಾಣವಾಗಿ ತೋರಿಸುವರು. ಆದರೆ ಅಲ್ಲಿರುವುದು ನೀರಿನ ಮಾತೇ ಹೊರತು ಮದ್ಯದ ಮಾತಲ್ಲ. ಅದಕ್ಕೂ ನೂರು ವರ್ಷ ಮುಂಚೆಯೇ 'ಟಾಡಿ' ಶಬ್ದವು ಆಂಗ್ಲಭಾಷೆಯಲ್ಲಿ ಮದ್ಯವಾಚಕವಾಗಿ ಸೇರಿದ್ದಿತು. ಇನ್ನು ಕೆಲವರು ರಾಬರ್ಟ್ ಬೆಂಟ್ಲಿ ಟಾಡ್ ಎಂಬ ವೈದ್ಯನ ಹೆಸರನ್ನು ಮುಂದಿಡುವರು. ಐರ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಪ್ರಸಿದ್ಧನಾದ ಆತನು ಜ್ವರಪೀಡಿತರಿಗೆ ಮದ್ಯವನ್ನು ಔಷಧವಾಗಿ ಕೊಡುತ್ತಿದ್ದದ್ದು ನಿಜ. ಆದರೆ ಆತನು ಹುಟ್ಟಿದ್ದು ೧೮೦೯ರಲ್ಲಿ. ರಾಬರ್ಟ್ ಬರ್ನ್ಸ್ ಕವಿಯು ಜಾತ್ರೆಯೊಂದನ್ನು ವರ್ಣಿಸುತ್ತ ಟಾಡಿಯನ್ನು ಹೆಸರಿಸಿದ ಕವಿತೆ ಅಚ್ಚಾದದ್ದು ೧೭೮೬ರಲ್ಲಿ. ಮಗನು ಹುಟ್ಟುವುದಕ್ಕೆ ಇಪ್ಪತ್ತಮೂರು ವರ್ಷ ಮುಂಚೆ ಮೊಮ್ಮಗನ ನಾಮಕರಣವಾಯಿತೆಂದ ಹಾಗಾಯಿತು!

ಹೆಸರು ಮಾತ್ರವೇ ಅಲ್ಲ, ಬೆರಕೆಯ ಕ್ರಮವೂ ಪೂರ್ವದೇಶದ ಬಂದರುಗಳಲ್ಲಿ ರೂಢಿಯಾಗಿದ್ದಿತೆಂಬುದಕ್ಕೆ ಟಾಡಿಯ ಅಕ್ಕನಾದ 'ಪಂಚ್' ಎಂಬ ಪಾನೀಯವು ಸಾಕ್ಷಿ. ಇದರ ಹೆಸರು ಮೊದಲು ಕಾಣುವುದು ೧೬೩೨ರಲ್ಲಿ, ಭಾರತದಲ್ಲಿದ್ದ ಆಂಗ್ಲ ಕಂಪೆನಿಯವನೊಬ್ಬನು ಬರೆದ ಕಾಗದದಲ್ಲಿ. ೧೬೩೮ರಲ್ಲಿ ಸೂರತ್ತಿಗೆ ಬಂದ ಮ್ಯಾಂಡೆಲ್‌ಸ್ಲೋ ಎಂಬ ಜರ್ಮನ್ ಪ್ರವಾಸಿಯು ಸಾರಾಯಿ, ಪನ್ನೀರು, ನಿಂಬೆಯ ರಸ, ಸಕ್ಕರೆ ಇವುಗಳ ಬೆರಕೆಯನ್ನು ವರ್ಣಿಸಿರುವನು. ಬರ್ನಿಯೇ ಎಂಬ ಫ್ರೆಂಚ್ ವೈದ್ಯನು ಬಂಗಾಳದಲ್ಲಿ ಕಂಡ ಪಾನೀಯದಲ್ಲಿ ಕರಿಸಕ್ಕರೆಯ ಸಾರಾಯಿ, ನಿಂಬೆರಸ, ನೀರು, ಮೇಲೆ ಸ್ವಲ್ಪ ಜಾಯಿಕಾಯಿ ಇದ್ದುವು. ರುಚಿ ಪರವಾಯಿಲ್ಲ, ಆರೋಗ್ಯಕ್ಕೆ ಮಹಾಹಾನಿಯೆಂದು ಆತನ ತೀರ್ಪು. ೧೬೯೮ರಲ್ಲಿ ಪ್ರಕಟವಾದ ಫ್ರಾಯರ್ ಎಂಬಾತನ ಗ್ರಂಥವು 'ಪಂಚ' ಸಂಖ್ಯೆಯಿಂದ ಈ ಹೆಸರು ಬಂದಿತೆಂದು ಹೇಳುವುದು. ಸಂಸ್ಕೃತಜ್ಞರಿಗೆ ಇದನ್ನು ಕೇಳಿದೊಡನೆ ಸಂತೋಷವಾಗುವುದು ಸಹಜ. ಆದರೆ ಸಂತೋಷವು ಪ್ರಮಾಣವಲ್ಲ. ಮ್ಯಾಂಡೆಲ್‌ಸ್ಲೋವಿನ ಪಟ್ಟಿಯಲ್ಲಿರುವುದು ನಾಲ್ಕೇ ದ್ರವ್ಯಗಳು. ಆ ಕಾಲದ ಆಂಗ್ಲರು ಶಬ್ದವನ್ನು ಉಕಾರದಿಂದ ಉಚ್ಚರಿಸುತ್ತಿದ್ದರೆಂದು ಕೋಶಕಾರರು ಸಂದೇಹಪಡುವರು. ಟಾಡಿಯ ವಿಷಯದಲ್ಲಿರುವ ನಿಶ್ಚಯವು ಪಂಚಿನ ವಿಷಯದಲ್ಲಿಲ್ಲ.

ಮದ್ಯಕ್ಕೆ ಮಸಾಲೆ ಸೇರಿಸುವುದು ಈ ದೇಶದಲ್ಲಿ ಬಹು ಹಳೆಯ ಪದ್ಧತಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವುಂಟು. ಅಲ್ಲಿ ಹೇಳಿರುವ 'ಮೈರೇಯ'ಕ್ಕೆ ಬೆಲ್ಲ, ಹಿಪ್ಪಲಿ, ಮೆಣಸು, ತ್ರಿಫಲೆ ಬೀಳುವುವು. ಚರಕನು ಹೇಮಂತ ಋತುಚರ್ಯೆಯಲ್ಲಿ ಸ್ನಿಗ್ಧವಾದ ಭೋಜನದ ಮೇಲೆ ಮದಿರೆಯನ್ನೂ ಶೀಧುವನ್ನೂ ವಿಧಿಸಿರುವನು. ಧರ್ಮಶಾಸ್ತ್ರಕಾರರು ನಿಷೇಧಿಸಿದ್ದನ್ನು ವೈದ್ಯರು ಋತುವನ್ನು ನೋಡಿ ಅನುಮತಿಸಿದರು. ಈ ಇಬ್ಬರ ವ್ಯಾಜ್ಯವು ಇನ್ನೂ ತೀರಿಲ್ಲ.

ಇನ್ನು ವಿಸ್ಕಿಯ ವಂಶಾವಳಿ. ೧೪೯೪ರ ಸ್ಕಾಟ್ ರಾಜಭಂಡಾರದ ಲೆಕ್ಕದಲ್ಲಿ, ಜಾನ್ ಕೋರ್ ಎಂಬ ಕ್ರೈಸ್ತ ಸಂನ್ಯಾಸಿಗೆ 'ಜೀವಜಲ'ವನ್ನು ತಯಾರಿಸಲು ಎಂಟು ಬೋಲ್ ಅಳತೆಯ ಮೊಳಕೆಯ ಜವೆಯನ್ನು ಕೊಟ್ಟದ್ದು ದಾಖಲಾಗಿರುವುದು. ಗೇಲಿಕ್ ಭಾಷೆಯಲ್ಲಿ ಜೀವಜಲಕ್ಕೆ 'ಉಷ್ಕ ಬೆಹ' ಎನ್ನುವರು. ಅದರ ಮೊದಲ ಪದವು 'ಉದಕ'ಕ್ಕೂ ಎರಡನೆಯದು 'ಜೀವ'ಕ್ಕೂ ದೂರದ ಬಂಧುಗಳು. ಮೊದಲ ಪದವೇ ಸವೆದು ವಿಸ್ಕಿಯಾಯಿತು. ೧೭೫೫ರ ತನ್ನ ಕೋಶದಲ್ಲಿ ಡಾಕ್ಟರ್ ಜಾನ್ಸನ್ನನು ಈ ಪಾನೀಯವನ್ನು ಸುಗಂಧದ್ರವ್ಯಗಳೊಡನೆ ಇಳಿಸಿದ ಮದ್ಯವೆಂದೇ ವಿವರಿಸಿರುವುದು ಗಮನಾರ್ಹ. ಆದುದರಿಂದ ವಿಸ್ಕಿಗೆ ಲವಂಗ ದಾಲ್ಚಿನ್ನಿ ಹಾಕುವುದು ಈಚಿನವರ ಕೆಟ್ಟ ಅಭಿರುಚಿಯೆಂದು ಮೂಗು ಮುರಿಯುವ ಸ್ಕಾಟ್ ಮಡಿವಂತರ ವಾದವು ಪೂರ್ಣವಾಗಿ ನಿಲ್ಲತಕ್ಕದ್ದಲ್ಲ. ಮನೆಯ ಬಳಕೆಗಾಗಿ ಭಟ್ಟಿ ಇಳಿಸುವುದು ೧೭೮೧ರವರೆಗೆ ಅಲ್ಲಿ ನಿಷಿದ್ಧವಾಗಿರಲಿಲ್ಲ. ನಿಷೇಧವಾದ ಮೇಲೆ ಕಳ್ಳಭಟ್ಟಿ ಬೆಳೆಯಿತು, ೧೮೨೩ರ ಶಾಸನವು ತೆರಿಗೆಯನ್ನಿಳಿಸಿ ಅದನ್ನು ದಾರಿಗೆ ತಂದಿತು. ಟಾಡಿಯನ್ನು ಹಾಡಿದ ಬರ್ನ್ಸನೇ ೧೭೮೯ರಲ್ಲಿ ಅಬಕಾರಿ ಇಲಾಖೆಯ ಅಧಿಕಾರಿಯಾದದ್ದು ವಿಧಿಯ ವಿನೋದ. ಅದಕ್ಕೆ ಮುಂಚೆ, ೧೭೮೬ರಲ್ಲಿ, ಆತನು ಜಮೈಕ ದ್ವೀಪದ ತೋಟವೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೊರಟಿದ್ದನು. ಆ ದ್ವೀಪದ ತೋಟಗಳಲ್ಲಿ ಕಬ್ಬನ್ನು ಕಡಿಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಸ್ಕಾಟ್ ಗೃಹಸ್ಥನ ಬಟ್ಟಲಲ್ಲಿ ಕರಗುತ್ತಿದ್ದ ಸಕ್ಕರೆ ಬರುತ್ತಿದ್ದದ್ದು ಅಂಥ ತೋಟಗಳಿಂದಲೇ. ಬರ್ನಿಯೇ ಕಂಡ ಜಾಯಿಕಾಯಿಯ ಕಥೆಯೂ ಹಗುರವಾದುದಲ್ಲ: ಅದು ಬೆಳೆಯುತ್ತಿದ್ದ ಬಾಂಡಾ ದ್ವೀಪಗಳ ಜನರನ್ನು ಡಚ್ಚರು ೧೬೨೧ರಲ್ಲಿ ಬಹುಮಟ್ಟಿಗೆ ನಿರ್ಮೂಲ ಮಾಡಿ ವ್ಯಾಪಾರವನ್ನು ವಶಪಡಿಸಿಕೊಂಡರು.

ಪಾಕಕ್ರಮವು ಸರಳವಾದದ್ದು, ಆದರೂ ಅದರಲ್ಲಿ ಯುಕ್ತಿಯಿಲ್ಲದೆ ಇಲ್ಲ. ಮೊದಲು ದಪ್ಪ ಗಾಜಿನ ಬಟ್ಟಲನ್ನು ಬಿಸಿನೀರಿನಿಂದ ಬೆಚ್ಚಗೆ ಮಾಡಿ ಆ ನೀರನ್ನು ಚೆಲ್ಲುವರು. ತಣ್ಣನೆಯ ಗಾಜಿಗೆ ಕುದಿನೀರು ಬಿದ್ದರೆ ಬಿರಿಯುವುದು. ಅನಂತರ ಸಕ್ಕರೆಯನ್ನು ಸ್ವಲ್ಪ ಬಿಸಿನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಆ ಮೇಲೆ ವಿಸ್ಕಿಯನ್ನು ಹೊಯ್ದು, ಉಳಿದ ನೀರನ್ನು ಸೇರಿಸುವರು. ವಿಸ್ಕಿ ಐವತ್ತು ಮಿಲಿಲೀಟರಾದರೆ ನೀರು ಅದರ ಮೂರರಷ್ಟು ಇರಬಹುದು. ವಿಸ್ಕಿಯನ್ನು ಒಲೆಯ ಮೇಲಿಟ್ಟು ಕುದಿಸುವುದಿಲ್ಲ. ಮದ್ಯಸಾರವು ಸುಮಾರು ೭೮ ಡಿಗ್ರಿಯಲ್ಲಿಯೇ ಕುದಿಯುವುದರಿಂದ ನೀರು ಕುದಿಯುವುದಕ್ಕೆ ಮುಂಚೆ ಅದು ಆವಿಯಾಗಿ ಹೋಗತೊಡಗುವುದು, ಅದರ ಆವಿಗೆ ಬೆಂಕಿ ತಗಲುವ ಭಯವೂ ಉಂಟು. ಲವಂಗ ಎರಡು ಮೂರಕ್ಕೆ ಮೀರಬಾರದು. ಅದನ್ನು ನಿಂಬೆಯ ಸಿಪ್ಪೆಗೆ ಚುಚ್ಚಿ ಹಾಕುವರು, ಬಾಯಿಗೆ ಸಿಕ್ಕದಿರಲೆಂದು. ದಾಲ್ಚಿನ್ನಿ ಚಕ್ಕೆಯಾಗಿಯೇ ಇರಬೇಕು; ಪುಡಿ ಹಾಕಿದರೆ ಲೋಳೆಗಟ್ಟುವುದು. ನಾಲ್ಕೈದು ನಿಮಿಷ ಮುಚ್ಚಿಟ್ಟರೆ ಪರಿಮಳವು ಇಳಿಯುವುದು. ಅಮೆರಿಕದಲ್ಲಿ ೧೮೬೨ರಲ್ಲಿ ಅಚ್ಚಾದ ಜೆರ್ರಿ ಥಾಮಸ್ ಎಂಬಾತನ ಪಾನೀಯಗ್ರಂಥದಲ್ಲಿ ಇನ್ನೊಂದು ಸೂಕ್ಷ್ಮವುಂಟು: ಟಾಡಿಯ ಮೇಲೆ ಜಾಯಿಕಾಯಿಯನ್ನು ತುರಿದರೆ ಅದು ಟಾಡಿಯಲ್ಲ, 'ಸ್ಲಿಂಗ್'. ಸಕ್ಕರೆಗೆ ಬದಲಾಗಿ ಜೇನನ್ನು ಹಾಕುವುದು ಈಗ ಹೆಚ್ಚು. ಜೇನನ್ನು ಬಿಸಿಯೊಡನೆ ಸೇರಿಸಬಾರದೆಂದು ಕಟ್ಟಪ್ಪಣೆ ಮಾಡಿದ ಚರಕನು ಇದನ್ನು ಕಂಡಿದ್ದರೆ ಮದ್ಯವನ್ನು ಕ್ಷಮಿಸಿ ಜೇನಿಗಾಗಿ ಸಿಟ್ಟಾಗುತ್ತಿದ್ದನೋ ಏನೋ.

ಇದು ನಿಜವಾಗಿ ಶೀತವನ್ನು ಕಳೆಯುವುದೆ? ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುವುದು. ವಾಸ್ತವದಲ್ಲಿ ಒಳಗಿನ ಶಾಖವು ಹೊರಗೆ ಹರಿದುಹೋಗುತ್ತಿರುವುದು. ಮಂಜಿನಲ್ಲಿ ನಡೆಯಬೇಕಾದವನಿಗೆ ಅದು ಮಿತ್ರರೂಪದ ಶತ್ರು. ೨೦೦೮ರಲ್ಲಿ ವೇಲ್ಸ್ ದೇಶದ ಕಾರ್ಡಿಫ್ ನಗರದಲ್ಲಿ ನೆಗಡಿಯಾದವರಿಗೆ ಬಿಸಿ ಹಣ್ಣಿನ ಪಾನಕವನ್ನು ಕೊಟ್ಟು ಪರೀಕ್ಷಿಸಿದಾಗ, ಅದರಲ್ಲಿ ಮದ್ಯದ ಸೋಂಕಿಲ್ಲದಿದ್ದರೂ, ಕೆಮ್ಮು ಸೀನು ಗಂಟಲುನೋವುಗಳ ಬಾಧೆ ಕಡಿಮೆಯಾಯಿತೆಂದು ಅವರು ಹೇಳಿದರು. ಕನ್ನಡನಾಡಿನ ಅಜ್ಜಿಯರ ಶುಂಠಿ, ಮೆಣಸು, ಬೆಲ್ಲಗಳ ಕಷಾಯಕ್ಕೂ ಟಾಡಿಗೂ ಇರುವ ಭೇದವು ವಿಸ್ಕಿಯೊಂದೇ. ಗುಣವನ್ನು ಕೊಡುವ ಭಾಗವು ಎರಡರಲ್ಲಿಯೂ ಸಮಾನ.

ಹೆಸರನ್ನು ಕೊಟ್ಟ ಮರಕ್ಕೂ ಮರವನ್ನೇರಿದವನಿಗೂ ಆದದ್ದು ಬೇರೆ. ವಿಲಾಯತಿಯ ದಿವಾನಖಾನೆಯಲ್ಲಿ ಬೆಳ್ಳಿಯ ಸೌಟಿನಿಂದ ಟಾಡಿಯನ್ನು ಬಡಿಸುತ್ತಿದ್ದ ಕಾಲದಲ್ಲಿಯೇ ಇಲ್ಲಿ ತಾಡಿಯು ಸರ್ಕಾರದ ಬೊಕ್ಕಸದ ದ್ರವ್ಯವಾಯಿತು. ೧೮೮೬ರ ಮದರಾಸು ಅಬಕಾರಿ ಶಾಸನದಂತೆ ಕಳ್ಳಿಳಿಸಲು ಪರವಾನಗಿಯು ಬೇಕು, ಅಂಗಡಿಯು ಹರಾಜಿಗೆ, ಲಾಭವು ಗುತ್ತಿಗೆದಾರನಿಗೆ, ಏರುವವನಿಗೆ ಉಳಿದದ್ದು ಬೀಳುವ ಭಯ ಮತ್ತು ಕೀಳೆಂಬ ಹೆಸರು. ಈ ಆದಾಯವನ್ನು ಮುರಿಯಬೇಕೆಂದೇ ಸ್ವಾತಂತ್ರ್ಯದ ಚಳುವಳಿಗಾರರು ಮರಕ್ಕೆ ಕೊಡಲಿಯಿಟ್ಟರು. ೧೯೩೯ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ನಡೆದ ಈಚಲುಮರ ಕಡಿಯುವ ಸತ್ಯಾಗ್ರಹವು ಕರ್ನಾಟಕದ ಇತಿಹಾಸದಲ್ಲಿ ಪ್ರಸಿದ್ಧವಾದದ್ದು. ಬೊಕ್ಕಸಕ್ಕೆ ಬಿದ್ದ ಪೆಟ್ಟನ್ನು ಇತಿಹಾಸಕಾರರು ಬರೆದಿರುವರು. ಕಡಿದ ಮರಗಳಿಂದ ಅನ್ನವನ್ನು ಕಾಣುತ್ತಿದ್ದ ಕುಟುಂಬಗಳ ಮಾತು ಆ ಪುಟಗಳಲ್ಲಿ ವಿರಳ. ೨೦೦೭ರಲ್ಲಿ ಕರ್ನಾಟಕ ಸರ್ಕಾರವು ಸಾರಾಯಿಯನ್ನು ನಿಷೇಧಿಸಿತು; ಬಾಟಲಿಯ ವಿಸ್ಕಿಯ ಮಾರಾಟವು ನಿಲ್ಲಲಿಲ್ಲ. ದಕ್ಷಿಣಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮೂರ್ತೆದಾರರು ಈಗಲೂ ಪರವಾನಗಿ ಪಡೆದು ಮರವನ್ನೇರುವರು. ಅವರು ಇಳಿಸುವ ರಸಕ್ಕೆ ಕನ್ನಡದಲ್ಲಿ ಕಳ್ಳು, ತುಳುವಿನಲ್ಲಿ ಕಲಿ ಎಂದೇ ಹೆಸರು.