ಗೋವೆಯ ಸಾಲಾ ಮತ್ತು ಧ್ವನಿಯಂತ್ರದ ಕಪಾಟು

ಗೋವೆಯ ಹಳೆಯ ಸಿರಿವಂತ ಮನೆಗಳಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ವಿಶಾಲ ಕೋಣೆಯನ್ನು ಪೋರ್ಚುಗೀಸರ ರೂಢಿಯಂತೆ ‘ಸಾಲಾ’ ಎಂದು ಕರೆಯುತ್ತಿದ್ದರು. ಚಾಂದೋರಿನ ಮೆನೆಜೆಸ್ ಬ್ರಗಾಂಝಾ ಮನೆಯಲ್ಲಿ ಇಂದಿಗೂ ಕಾಣುವಂತೆ, ಕೆತ್ತನೆಯ ಮರದ ಪೀಠೋಪಕರಣಗಳೇ ಅದರ ಪ್ರತಿಷ್ಠೆಯಾಗಿದ್ದವು. 1946ರಲ್ಲಿ ‘ಎಮಿಸೋರಾ ದೆ ಗೋವಾ’ ಬಾನುಲಿ ಕೇಂದ್ರ ಆರಂಭವಾಗಿ, 1961ರ ವಿಮೋಚನೆಯ ತರುವಾಯ ಆಕಾಶವಾಣಿಯ ಪಣಜಿ ಕೇಂದ್ರ ಅದರ ಸ್ಥಾನಕ್ಕೆ ಬಂದ ಕಾಲದಲ್ಲಿ, ಅನುಕೂಲಸ್ಥರ ಮನೆಗಳಲ್ಲಿ ಈ ಪೀಠೋಪಕರಣಗಳ ಸಾಲಿಗೆ ರೇಡಿಯೋಗ್ರಾಮ್, ಅಂದರೆ ರೇಡಿಯೋ ಮತ್ತು ರೆಕಾರ್ಡ್ ಪ್ಲೇಯರ್ ಎರಡನ್ನೂ ಒಳಗೊಂಡ ಮರದ ಪೆಟ್ಟಿಗೆ, ಸೇರಿತು.

ನೋಟಕ್ಕೆ ಅದು ಕಪಾಟೇ. ಒಳಗಿನ ವ್ಯವಸ್ಥೆ ಮಾತ್ರ ಬೇರೆ. ವಾಲ್ವ್‌ಗಳ, ಎಂದರೆ ಸಂಕೇತವನ್ನು ವರ್ಧಿಸುವ ಗಾಜಿನ ನಳಿಗೆಗಳ, ಬಿಸಿ ಹೊರಹೋಗಲೆಂದು ಹಿಂಬದಿಯ ಹಲಗೆಗೆ ಸಾಲುಸಾಲು ರಂಧ್ರ ಕೊರೆಯುತ್ತಿದ್ದರು. ಅದೇ ಪೆಟ್ಟಿಗೆಯ ಸ್ಪೀಕರಿನ ಕಂಪನ ರೆಕಾರ್ಡ್ ಪ್ಲೇಯರಿನ ಮುಳ್ಳಿಗೆ ತಗುಲಿ ಗುಂಯ್‌ಗುಡದಿರಲೆಂದು ತಿರುಗುತಟ್ಟೆಯನ್ನು ಸ್ಪ್ರಿಂಗುಗಳ ಮೇಲೆ ಕೂರಿಸುತ್ತಿದ್ದರು. ಅರಗಿನ ರೆಕಾರ್ಡ್ ತಟ್ಟೆಗಳು ಬಾಗದಂತೆ ಅವುಗಳನ್ನು ನೆಟ್ಟಗೆ ನಿಲ್ಲಿಸಲು ಪಕ್ಕದಲ್ಲಿ ಕಿರುಗೂಡುಗಳಿರುತ್ತಿದ್ದವು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವ ಕರಾವಳಿಯಲ್ಲಿ, ಚೆಂದದ ಮುಚ್ಚುಬಾಗಿಲಿಗಿಂತ ಗಾಳಿಯಾಡುವ ಹಿಂಬದಿಯೇ ಹೆಚ್ಚು ಉಪಯುಕ್ತವೆನ್ನಬೇಕು. ಮುಂದೆ ಕೊಲ್ಲಿ ರಾಷ್ಟ್ರಗಳಿಂದ ಮರಳಿದವರು ಬಿಡಿಬಿಡಿಯಾದ ಸ್ಟೀರಿಯೋ ಘಟಕಗಳನ್ನು ತಂದಾಗ, ಪಿಂಗಾಣಿ ಜೋಡಿಸಲೆಂದು ಮಾಡಿದ್ದ ಗಾಜಿನ ಕಪಾಟುಗಳು ಆಳ ಸಾಲದೆ, ತಂತಿಗೆ ದಾರಿಯಿಲ್ಲದೆ ನಿರುಪಯುಕ್ತವಾದವು. ತೆರೆದ ಅಟ್ಟಣಿಗೆಗಳಿಗೆ ಬೇಡಿಕೆ ಹುಟ್ಟಿತು.